ಅತ್ತೆಯ ಕತ್ತರಿ ಗೆರೆ

ಮಾರ್ಚ್ 3, ಸೋಮವಾರ

ಇವತ್ತು ಅಂಗಡಿಯಲ್ಲಿ ನೋಟಿಸ್ ಅಂಟಿಸಿದರು. ಕಂಪನಿ ಬೇರೆ ಊರಲ್ಲಿ ಹೊಸ ಬಣ್ಣದ ಮಳಿಗೆ ತೆರೆಯುತ್ತದಂತೆ. ಬಸ್ಸಲ್ಲಿ ಆರು ಗಂಟೆ ದಾರಿ. ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕರು ಬೇಕು. ಏಪ್ರಿಲ್ ಆರಕ್ಕೆ ಪರೀಕ್ಷೆ, ಐವತ್ತು ಅಂಕ. ಪೂರ್ತಿ ಲೆಕ್ಕ: ಅನುಪಾತ, ಮಿಶ್ರಣ, ಲಾಭ-ನಷ್ಟ.

ಹದಿನಾರು ವರ್ಷದಿಂದ ಇದೇ ಕೌಂಟರಿನ ಹಿಂದೆ ನಿಂತು ಬಣ್ಣ ಬೆರೆಸುತ್ತಿದ್ದೇನೆ. ಗಿರಾಕಿ ಹಳೇ ಗೋಡೆಯಿಂದ ಉಗುರಷ್ಟು ಚಕ್ಕೆ ಕೆರೆದು ತಂದರೆ ಸಾಕು, ಮೆಷಿನ್ ಎರಡು ಸಲ ತಪ್ಪಿದ್ದನ್ನು ನಾನು ಕಣ್ಣಳತೆಯಲ್ಲೇ ಹೊಂದಿಸಿ ಕೊಡುತ್ತೇನೆ. ಆದರೆ ಪೆನ್ನು ಕೊಟ್ಟು ‘ಲೆಕ್ಕ ಮಾಡು’ ಅಂದರೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂರುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಮೂವತ್ತೈದು ಬಂದಿತ್ತು. ಅದರಲ್ಲೂ ಐದು ಮೇಷ್ಟ್ರ ಕರುಣೆ.

ಆದರೂ ಹೆಸರು ಕೊಟ್ಟೆ. ಸಂಬಳ ಜಾಸ್ತಿ ಅಂತ ಇವರಿಗೆ ಹೇಳಿದೆ. ನಿಜವಾದ ಕಾರಣ ಇಲ್ಲಿ ಬರೆಯಬಹುದು, ಯಾರೂ ಓದಲ್ಲ. ನಾವು ಆ ಊರಿಗೆ ಹೋದರೆ ಅತ್ತೆ ಇಲ್ಲೇ ಭಾವನ ಮನೆ ಸೇರಬೇಕಾಗುತ್ತೆ. ಹದಿನೆಂಟು ವರ್ಷ ಆದಮೇಲೆ ನನ್ನ ಅಡುಗೆಮನೆಯಲ್ಲಿ ನಾನೊಬ್ಬಳೇ. ಆಹಾ! ಬರೆಯುವಾಗಲೇ ಮೈ ಹಗುರ ಆಗ್ತಿದೆ.

ಇವರು ಫ್ರಿಜ್ ರಿಪೇರಿ ಮಾಡುವವರು. ಫ್ರಿಜ್ಜು ಎಲ್ಲ ಊರಲ್ಲೂ ಕೆಡುತ್ತೆ, ಆದ್ದರಿಂದ ಅವರದೇನೂ ತಕರಾರಿಲ್ಲ. ಊರು ಬದಲಾಗೋ ವಿಷಯ ಅಮ್ಮನ ಮುಂದೆ ಬಾಯಿ ಬಿಡಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದೇನೆ. ತಲೆಯಾಡಿಸಿದರು. ಇವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಅದೇ ಭಯ.

ಮಾರ್ಚ್ 4, ಮಂಗಳವಾರ

ಇವರ ಸಲಹೆ ಕೇಳಿ: “ಟ್ಯೂಷನ್ ಯಾಕೆ? ಮನೇಲೇ ಅಮ್ಮ ಇದ್ದಾರಲ್ಲ.”

ಅಮ್ಮ ಇದ್ದಾರೆ, ಗೊತ್ತು ಮಾರಾಯರೇ. ಮೂವತ್ತೆಂಟು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಇವತ್ತಿಗೂ ಹಾಲಿನವನಿಗೆ ಸೊನ್ನೆ ದುಂಡಗೆ ಬರೆಯೋದು ಕಲಿಸುತ್ತಾರೆ. ಆದರೆ ನಾನು ಅವರ ಮುಂದೆ ಕೈಕಟ್ಟಿ ಕೂರಬೇಕೆ?

ಕೂತೆ. ಬೇರೆ ದಾರಿ ಇರಲಿಲ್ಲ.

“ಬಡ್ತಿ ಪರೀಕ್ಷೆ ಅತ್ತೆ, ಸ್ವಲ್ಪ ಲೆಕ್ಕ ಹೇಳ್ಕೊಡಿ,” ಅಂದೆ. ಕನ್ನಡಕದ ಮೇಲಿನಿಂದ ನೋಡಿದರು. ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡರು. ಮೊದಲ ಲೆಕ್ಕ ಹೀಗಿತ್ತು:

‘ಎರಡು ಲೋಟ ಚಹಾಕ್ಕೆ ಬೇಕಾಗುವ ಹಾಲಿನಲ್ಲಿ ಒಬ್ಬ ಸೊಸೆ ಐದು ಲೋಟ ಚಹಾ ಮಾಡುತ್ತಾಳೆ. ಲೋಟವೊಂದಕ್ಕೆ ಹಾಲು ಶೇಕಡಾ ಎಷ್ಟು ಕಡಿಮೆಯಾಯಿತು?’

ಇವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಅಲುಗಾಡುತ್ತಿತ್ತು.

ಅರ್ಧ ಗಂಟೆ ಒದ್ದಾಡಿ ಅರವತ್ತು ಅಂತ ಬರೆದೆ. “ಸರಿ,” ಅಂದರು ಅತ್ತೆ. “ಈಗ ಉತ್ತರ ಗೊತ್ತಾಯ್ತಲ್ಲ, ನಾಳೆಯಿಂದ ಚಹಾ ನೋಡ್ಕೊಂಡು ಮಾಡು.”

ಮಾರ್ಚ್ 8, ಶನಿವಾರ

ದಿನಾ ಆರು ಲೆಕ್ಕ. ಆರರಲ್ಲೂ ನಾನೇ.

‘ಒಬ್ಬಳು ಕೈಚೀಲವನ್ನು ಸಾವಿರದ ಇನ್ನೂರಕ್ಕೆ ಕೊಂಡು ಮನೆಯಲ್ಲಿ ಎಂಟುನೂರು ಎಂದು ಹೇಳುತ್ತಾಳೆ. ಬೆಲೆಯಲ್ಲಿ ಶೇಕಡಾ ಎಷ್ಟು ಮುಚ್ಚಿಟ್ಟಳು?’ (ಮೂವತ್ತಮೂರು ಮತ್ತು ಮೂರನೇ ಒಂದು. ಬೆಲೆ ಚೀಟಿ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು.)

‘ಐದು ನಿಮಿಷದಲ್ಲಿ ಬರ್ತೀನಿ ಅಂತ ಹೋದವಳು ಪಕ್ಕದ ಮನೆ ಗೇಟಿನ ಹತ್ತಿರ ನಲವತ್ತು ನಿಮಿಷ ನಿಂತಳು. ಹೇಳಿದ್ದಕ್ಕಿಂತ ಶೇಕಡಾ ಎಷ್ಟು ಹೆಚ್ಚು?’ (ಏಳುನೂರು. ಮೊದಲು ಎಂಟುನೂರು ಅಂತ ಬರೆದೆ. ಕೆಂಪು ಪೆನ್ಸಿಲಿನಿಂದ ಹೊಡೆದು, ‘ಹೇಳಿದ ಐದನ್ನು ಕಳೆಯಬೇಕು, ಅಷ್ಟಾದರೂ ನ್ಯಾಯ ಇರಲಿ’ ಅಂತ ಬರೆದಿದ್ದರು.)

ಹೊಟ್ಟೆ ಉರಿಯುತ್ತೆ. ಆದರೆ ಶೇಕಡಾ ಅಂದರೇನು ಅನ್ನೋದು ಈ ಜನ್ಮದಲ್ಲಿ ಮೊದಲ ಸಲ ತಲೆಗೆ ಹೋಯಿತು. ಸಿಟ್ಟು ಬಂದರೆ ಲೆಕ್ಕ ಮರೆಯೋದೇ ಇಲ್ಲ.

ಮಾರ್ಚ್ 11, ಮಂಗಳವಾರ

ಇವತ್ತು ಸೇಡು ತೀರಿಸಿಕೊಂಡೆ. ಊಟದ ಬಿಡುವಿನಲ್ಲಿ ಪ್ರೈಮರ್ ಡಬ್ಬದ ಮೇಲೆ ಕೂತು ನಾನೇ ಒಂದು ಲೆಕ್ಕ ಕಟ್ಟಿದೆ. ಮನೆಗೆ ಬಂದು ಅತ್ತೆಯ ಮುಂದಿಟ್ಟೆ:

‘ಒಬ್ಬ ಅತ್ತೆ ದಿನಕ್ಕೆ ಸೊಸೆಯ ಹತ್ತಿರ ನಲವತ್ತು ಮಾತಾಡುತ್ತಾಳೆ. ಬೈಗುಳಕ್ಕೂ ಒಳ್ಳೆ ಮಾತಿಗೂ ಇರುವ ಅನುಪಾತ 7:1. ಒಳ್ಳೆ ಮಾತು ಎಷ್ಟು?’

ಅತ್ತೆ ಕಣ್ಣು ಮಿಟುಕಿಸದೆ ‘5’ ಅಂತ ಬರೆದರು. ಆಮೇಲೆ ಕೆಳಗೆ ಕೆಂಪಿನಲ್ಲಿ: ‘ಮಾಡಿದ ರೀತಿ ಸರಿ. ಕೊಟ್ಟ ಅಂಕಿ ತಪ್ಪು. ಐದು ಎಲ್ಲಿಂದ ಬಂತು?’

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ. ಅವರಿಗೆ ಕೇಳಿಸಬಾರದಲ್ಲ.

ಮಾರ್ಚ್ 14, ಶುಕ್ರವಾರ

ಈಗ ದಿನಾ ನಾನು ಎರಡು ಕೊಡುತ್ತೇನೆ, ಅವರು ಆರು ಕೊಡುತ್ತಾರೆ. ಬಸ್ಸಲ್ಲಿ ಕೂತು ಕಟ್ಟೋದು. ಇವತ್ತು ‘ಹುಡುಕಿದ ಕನ್ನಡಕ ಮೂಗಿನ ಮೇಲೇ ಇತ್ತು’ ಅನ್ನೋದನ್ನು ನಷ್ಟದ ಲೆಕ್ಕಕ್ಕೆ ಹೇಗೆ ತರೋದು ಅಂತ ಯೋಚಿಸುತ್ತಾ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಹನ್ನೆರಡು ನಿಮಿಷ ಲೇಟು,” ಅಂದರು. ಅವರಿಗೆ ಕೆಲಸವಿಲ್ಲ.

ಮಾರ್ಚ್ 16, ಭಾನುವಾರ

ಹೆದರಿದ್ದೇ ಆಯಿತು. ಚಹಾ ಕುಡಿಯುತ್ತಾ ಇವರು ಆರಾಮಾಗಿ, “ಆ ಊರಲ್ಲಿ ಬಾಡಿಗೆ ಕಮ್ಮಿ ಅಂತೆ,” ಅಂದುಬಿಟ್ಟರು. ಅಮ್ಮನ ಎದುರಿಗೇ! ಕಾಲು ತುಳಿದೆ. “ಯಾಕೆ ತುಳೀತೀಯ?” ಅಂತ ಗಟ್ಟಿಯಾಗಿ ಕೇಳಿದರು. ಇಂಥವರನ್ನು ಕಟ್ಟಿಕೊಂಡು ಗುಟ್ಟು ಮಾಡೋದು ಹೇಗೆ?

“ಯಾವ ಊರು?” ಅಂದರು ಅತ್ತೆ.

ಹೇಳಲೇಬೇಕಾಯಿತು. ಪಾಸಾದರೆ ಆ ಊರಿಗೆ ಹೋಗಬೇಕು, ನೀವು ಭಾವನ ಮನೆಯಲ್ಲಿ ಆರಾಮಾಗಿ ಇರಬಹುದು, ದೊಡ್ಡ ಮನೆ, ನಿಮಗೇ ಅಂತ ಬೇರೆ ರೂಮು, ಅಲ್ಲೇ ಟಿವಿ. ಆರಾಮು ಅನ್ನೋ ಮಾತನ್ನು ನಾಲ್ಕು ಸಲ ಹೇಳಿದೆ ಅನಿಸುತ್ತೆ.

ರಂಪ ಆಗುತ್ತೆ ಅಂತ ಕಾದೆ. ಏನೂ ಆಗಲಿಲ್ಲ. ಲೋಟ ಕೆಳಗಿಟ್ಟು, “ಸರಿ. ನಾಳೆಯಿಂದ ಮಿಶ್ರಣ,” ಅಂದರು.

ಬದುಕಿದೆಯಾ ಬಡಜೀವ!

ಮಾರ್ಚ್ 17, ಸೋಮವಾರ

ಮಿಶ್ರಣದ ಲೆಕ್ಕಕ್ಕೆ ಅತ್ತೆ ‘ಕತ್ತರಿ ಗೆರೆ’ ಕಲಿಸಿದರು. ಎಷ್ಟು ಚೆಂದ! ಎಡಕ್ಕೆ ಅಗ್ಗದ ಬೆಲೆ, ಬಲಕ್ಕೆ ದುಬಾರಿ ಬೆಲೆ, ನಡುವೆ ನಮಗೆ ಬೇಕಾದದ್ದು. ಕತ್ತರಿಯ ಹಾಗೆ ಎರಡು ಓರೆ ಗೆರೆ ಎಳೆದು ಕಳೆಯಬೇಕು. ನಲವತ್ತರದ್ದು, ಎಪ್ಪತ್ತರದ್ದು ಬೆರೆಸಿ ಅರವತ್ತರದ್ದು ಬೇಕು ಅಂದರೆ ಕೆಳಗೆ ಎಡಕ್ಕೆ ಹತ್ತು, ಬಲಕ್ಕೆ ಇಪ್ಪತ್ತು ಬರುತ್ತೆ.

“ಕೊನೇಲಿ ಎರಡನ್ನೂ ಅದಲುಬದಲು ಮಾಡಬೇಕು,” ಅಂದರು. “ಈ ಕೊನೇ ಹೆಜ್ಜೆ ಬಹಳ ಜನಕ್ಕೆ ಗೊತ್ತಿಲ್ಲ.” ಅಂದರೆ ಅಗ್ಗದ್ದು ಎರಡು ಪಾಲು, ದುಬಾರಿ ಒಂದು ಪಾಲು.

ಹೇಳುವಾಗ ನನ್ನ ಮುಖ ನೋಡದೆ ಕಿಟಕಿ ಕಡೆ ನೋಡುತ್ತಿದ್ದರು. ಇವತ್ತು ಲೆಕ್ಕದಲ್ಲಿ ಸೊಸೆ ಇರಲಿಲ್ಲ, ಬರೀ ಅಕ್ಕಿ, ಎಣ್ಣೆ. ಸಪ್ಪೆ ಅನಿಸಿತು.

ಮಾರ್ಚ್ 19, ಬುಧವಾರ

ಕತ್ತರಿ ಗೆರೆ ಇಪ್ಪತ್ತು ಲೆಕ್ಕ. ಇಪ್ಪತ್ತಕ್ಕೂ ಅತ್ತೆ ‘ಸರಿ’ ಹಾಕಿದರು. ಹದಿನೆಂಟು ವರ್ಷದಲ್ಲಿ ಅವರಿಂದ ಇಷ್ಟು ‘ಸರಿ’ ನಾನು ಕಂಡಿಲ್ಲ. ಮೇಲ್ವಿಚಾರಕಿ ಆದಂತೆಯೇ ಲೆಕ್ಕ.

ಮಾರ್ಚ್ 21, ಶುಕ್ರವಾರ

ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಮೂವತ್ತು ಲೀಟರ್ ನೀಲಿ ಕೇಳಿದರು. ನಮ್ಮಲ್ಲಿದ್ದದ್ದು ತಿಳಿ ನೀಲಿ, ಲೀಟರಿಗೆ ನಲವತ್ತು ಗ್ರಾಂ ಬಣ್ಣದ ಪುಡಿ. ಇನ್ನೊಂದು ಕಡು ನೀಲಿ, ಎಪ್ಪತ್ತು ಗ್ರಾಂ. ಅವರಿಗೆ ಬೇಕಾದ ಶೇಡಿಗೆ ಅರವತ್ತು. ಅಯ್ಯೋ, ಇದು ಅತ್ತೆಯ ಲೆಕ್ಕವೇ!

ಯಾವತ್ತೂ ಕಣ್ಣಳತೆಯಲ್ಲಿ ಬೆರೆಸುವವಳು ಇವತ್ತು ಮೊದಲ ಸಲ ಕಾಗದದ ಮೇಲೆ ಕತ್ತರಿ ಗೆರೆ ಎಳೆದೆ. ಮ್ಯಾನೇಜರಿಗೆ ಕಾಣುವ ಹಾಗೆ ಎಳೆದೆ ಅನ್ನೋದೂ ನಿಜ. ತಿಳಿ ನೀಲಿ ಇಪ್ಪತ್ತು ಲೀಟರ್, ಕಡು ನೀಲಿ ಹತ್ತು. ಕೋಲಾಡಿಸುವಾಗ ಕಣ್ಣು ‘ಬೇಡ, ಬೇಡ’ ಅಂತಿತ್ತು. ಕಣ್ಣಿಗೇನು ಗೊತ್ತು, ಅದು ಹತ್ತನೇ ಕ್ಲಾಸಿನಲ್ಲಿ ಮೂವತ್ತೈದು ತೆಗೆದ ಕಣ್ಣು ಅಂದುಕೊಂಡು ಮುಚ್ಚಳ ಹಾಕಿ ಕಳಿಸಿದೆ.

ಮಾರ್ಚ್ 22, ಶನಿವಾರ

ಬೆಳಗ್ಗೆ ಒಂಬತ್ತಕ್ಕೇ ಡಬ್ಬಗಳು ವಾಪಸ್ ಬಂದವು. “ನಾನು ಕೇಳಿದ್ದು ನೀಲಿ ಕಣಮ್ಮ, ಇದು ಬಾಯಿ ಮುಕ್ಕಳಿಸೋ ನೀರಿನ ಬಣ್ಣ,” ಅಂದರು ಡಾಕ್ಟರು. ಮ್ಯಾನೇಜರು ಎಲ್ಲರ ಮುಂದೆ, “ಏನಮ್ಮಾ, ಕಣ್ಣಿಗೇನಾಯ್ತು? ಇನ್ನೊಂದು ಸಲ ಹಿಂಗಾದ್ರೆ ಪರೀಕ್ಷೆಗೆ ನಿನ್ನ ಹೆಸರು ಕಳಿಸಲ್ಲ,” ಅಂದರು. ಹದಿನಾರು ವರ್ಷದಲ್ಲಿ ಒಂದು ಡಬ್ಬ ವಾಪಸ್ ಬಂದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಡಬ್ಬದ ಮುಚ್ಚಳದ ಮೇಲೆ ತಾಳೆ ಹಾಕಿ ನೋಡಿದೆ. ಇಪ್ಪತ್ತು ಲೀಟರಿಗೆ ನಲವತ್ತರಂತೆ ಎಂಟುನೂರು. ಹತ್ತು ಲೀಟರಿಗೆ ಎಪ್ಪತ್ತರಂತೆ ಏಳುನೂರು. ಒಟ್ಟು ಸಾವಿರದ ಐನೂರು, ಮೂವತ್ತರಿಂದ ಭಾಗಿಸಿದರೆ ಐವತ್ತು. ಅರವತ್ತಲ್ಲ. ಅದಲುಬದಲು ಮಾಡದೇ ಹೋಗಿದ್ದರೆ ಸರಿಯಾಗಿ ಅರವತ್ತು ಬರುತ್ತಿತ್ತು. ಸರಿಪಡಿಸಲು ಇನ್ನೂ ಮೂವತ್ತು ಲೀಟರ್ ಕಡು ನೀಲಿ ಸುರಿಯಬೇಕಾಯಿತು. ಈಗ ಡಾಕ್ಟರು ಕ್ಲಿನಿಕ್ಕಿನ ಜೊತೆ ಸ್ವಂತ ಮನೆಗೂ ನೀಲಿ ಬಳಿಸುತ್ತಿದ್ದಾರೆ, ಅರ್ಧ ಬೆಲೆಗೆ.

ಸಂಜೆ ಚಪ್ಪಲಿ ಕೂಡ ಬಿಡದೆ ಅತ್ತೆಯ ಮುಂದೆ ನಿಂತೆ.

“ಅತ್ತೆ, ಅರವತ್ತು ಯಾವುದಕ್ಕೆ ಹತ್ತಿರ? ಎಪ್ಪತ್ತಕ್ಕೆ. ಅಂದ್ಮೇಲೆ ಎಪ್ಪತ್ತರದ್ದೇ ಜಾಸ್ತಿ ಬೇಕಲ್ವಾ?”

“ಹೌದು.”

“ಆ ಕೊನೇ ಹೆಜ್ಜೆ ಸುಳ್ಳಲ್ವಾ?”

“ಹೌದು.”

ಒಂದರ ಹಿಂದೆ ಒಂದು ಎರಡು ‘ಹೌದು’.

“ಬೇಕಂತಲೇ ಹೇಳ್ಕೊಟ್ಟೆ ಕಣೇ. ನೀನು ಫೇಲಾಗಲಿ ಅಂತ,” ಅಂದರು. ಪೆನ್ಸಿಲನ್ನು ಬೆರಳಲ್ಲಿ ಉರುಳಿಸುತ್ತಿದ್ದರು. “ಮೂವತ್ತೆಂಟು ವರ್ಷ ಒಂದು ಮಗುಗೂ ತಪ್ಪು ಹೇಳ್ಕೊಟ್ಟಿಲ್ಲ. ಇವತ್ತಿಗೆ ಐದು ದಿನ ಆಯ್ತು, ಅನ್ನ ಸೇರ್ತಿಲ್ಲ.”

“ಅಂಥಾದ್ದೇನು ಮಾಡಿದೀನಿ ನಾನು ನಿಮಗೆ?”

“ನನ್ನನ್ನ ದೊಡ್ಡವನ ಮನೆಗೆ ಹಾಕ್ತೀಯಲ್ಲ! ಅಲ್ಲಿ ಎಲ್ಲದಕ್ಕೂ ‘ಆಯ್ತಮ್ಮ, ಆಯ್ತಮ್ಮ’. ಚಹಾ ಚೆನ್ನಾಗಿಲ್ಲ ಅಂದ್ರೂ ಆಯ್ತಮ್ಮ. ಬಿಸಿಲು ಕಪ್ಪಗಿದೆ ಅಂದ್ರೂ ಆಯ್ತಮ್ಮ. ಒಂದು ತಿಂಗಳು ಇದ್ದು ನೋಡಿದೀನಿ. ಜಗಳಕ್ಕೂ ಒಬ್ಬರು ಸಿಗಲ್ಲ. ಟಿವಿ ಹತ್ರ ಜಗಳ ಆಡ್ಲಾ?”

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮೋಸ ಅಂದರೆ ಮೋಸವೇ. ಎಷ್ಟು ಅವಮಾನ ಆಯಿತು ಇವತ್ತು!

ಮಾರ್ಚ್ 23, ಭಾನುವಾರ

ಮಾತಿಲ್ಲ.

ಮಾರ್ಚ್ 24, ಸೋಮವಾರ

ಮಾತಿಲ್ಲ. ಮನೆ ಎಷ್ಟು ನೆಮ್ಮದಿಯಾಗಿದೆ.

ಮಾರ್ಚ್ 25, ಮಂಗಳವಾರ

ಗಡಿಯಾರದ ಸದ್ದು ಇಷ್ಟು ಜೋರಾಗಿದೆ ಅಂತ ಗೊತ್ತಿರಲಿಲ್ಲ. ಬೇಕಂತಲೇ ಚಹಾ ನೀರುನೀರಾಗಿ ಮಾಡಿದೆ. ಕುಡಿದು ಲೋಟ ತೊಳೆದಿಟ್ಟು ಹೋದರು. ಅದಕ್ಕೂ ಒಂದು ಮಾತಿಲ್ಲ ಅಂದರೆ ಎಷ್ಟು ಸೊಕ್ಕು!

ಮಾರ್ಚ್ 27, ಗುರುವಾರ

ಊಟದ ಡಬ್ಬಿಯ ಮುಚ್ಚಳದ ಕೆಳಗೆ ಮಡಿಸಿದ ಕಾಗದ. ಮೇಲೆ ಕೆಂಪಿನಲ್ಲಿ: ‘ಕೊನೇ ಹೆಜ್ಜೆ ಹೊಡೆದು ಹಾಕು. ಅದು ನಾನು ಕಟ್ಟಿದ್ದು.’ ಕೆಳಗೆ ಮಿಶ್ರಣದ ಇಪ್ಪತ್ತೆರಡು ಲೆಕ್ಕ, ಪ್ರತಿಯೊಂದಕ್ಕೂ ತಾಳೆ ಹಾಕಿ ನೋಡುವ ಕ್ರಮ. ಕೊನೆಯ ಲೆಕ್ಕ:

‘ಒಬ್ಬ ಮುದುಕಿ ಮೂವತ್ತೆಂಟು ವರ್ಷ ಸರಿಯಾಗಿ ಪಾಠ ಮಾಡಿ ಐದು ದಿನ ತಪ್ಪು ಮಾಡಿದಳು. ಸರಿಗೂ ತಪ್ಪಿಗೂ ಇರುವ ಅನುಪಾತವೆಷ್ಟು?’

ಶಾಲೆ ವರ್ಷಕ್ಕೆ ಇನ್ನೂರು ದಿನ ಅಂತ ಹಿಡಿದೆ. ಸಾವಿರದ ಐನೂರ ಇಪ್ಪತ್ತಕ್ಕೆ ಒಂದು ಬಂತು. ಎರಡು ಸಲ ತಾಳೆ ನೋಡಿದೆ, ಅಷ್ಟೇ ಬಂತು. ಉತ್ತರ ಬರೆದು ಖಾಲಿ ಡಬ್ಬಿಯಲ್ಲಿಟ್ಟು ತಂದುಕೊಟ್ಟೆ. ಕ್ಷಮಿಸಿದೆ ಅಂತ ಅಲ್ಲ, ಪರೀಕ್ಷೆಗೆ ಹತ್ತೇ ದಿನ ಉಳಿದಿದೆ ಅಂತ.

ಏಪ್ರಿಲ್ 2, ಬುಧವಾರ

ದಿನಾ ಮೂವತ್ತು ಲೆಕ್ಕ. ಸೊಸೆ ಮತ್ತೆ ಲೆಕ್ಕದೊಳಗೆ ಬಂದಿದ್ದಾಳೆ. ಇವತ್ತು ಅವಳು ಉಪ್ಪಿನ ಡಬ್ಬಕ್ಕೆ ಸಕ್ಕರೆ ಬೆರೆಸಿದ್ದಳು.

ನನ್ನ ನಿರ್ಧಾರವೇನೂ ಬದಲಾಗಿಲ್ಲ. ಹೋಗುವುದೇ. ಅಲ್ಲಿ ಕೆಳಮಹಡಿ ಮನೆಯೇ ನೋಡಬೇಕು ಅಂತ ಇವರಿಗೆ ಹೇಳಿದೆ. “ಯಾಕೆ? ನಮಗೇನು ಮಂಡಿ ನೋವಾ?” ಅಂದರು. ಮೆಟ್ಟಿಲು ಗುಡಿಸೋರು ಯಾರು ಅಂದೆ.

ಏಪ್ರಿಲ್ 6, ಭಾನುವಾರ

ಪರೀಕ್ಷೆ ಮುಗಿಯಿತು. ಮಿಶ್ರಣದ್ದೇ ನಾಲ್ಕು ಲೆಕ್ಕ. ಕತ್ತರಿ ಗೆರೆ ಎಳೆದು, ಕೊನೇ ಹೆಜ್ಜೆ ಹಾಕದೆ, ತಾಳೆ ನೋಡಿ ಬರೆದೆ. ಪ್ರತಿ ಲೆಕ್ಕದಲ್ಲೂ ಅತ್ತೆ ಪಕ್ಕದಲ್ಲೇ ಕೂತು ‘ಹೂಂ, ಮುಂದೆ?’ ಅಂತಿದ್ದ ಹಾಗಿತ್ತು. ಅಲ್ಲೂ ಬಿಡಲಿಲ್ಲ ಮಹಾತಾಯಿ.

ಏಪ್ರಿಲ್ 14, ಸೋಮವಾರ

ಪಾಸು! ಐವತ್ತಕ್ಕೆ ನಲವತ್ತೇಳು! ಮ್ಯಾನೇಜರು ಎರಡು ಸಲ ನನ್ನ ಹೆಸರು ಓದಿದರು. ಅವರಿಗೇ ನಂಬಿಕೆ ಬರಲಿಲ್ಲ.

ಹೇಳಿದಾಗ ಅತ್ತೆ, “ಮೂರು ಎಲ್ಲಿ ಹೋಯ್ತು?” ಅಂದರು. ಆಮೇಲೆ ಎದ್ದು ತಾವೇ ಚಹಾ ಮಾಡಿ ತಂದುಕೊಟ್ಟರು, ದಟ್ಟ ಹಾಲಿನದು. ಅರ್ಧ ಗಂಟೆ ಹಿಡಿದುಕೊಂಡು ಕುಡಿದೆ. ಬಿಸಿ ಜಾಸ್ತಿ ಇತ್ತು.

ಏಪ್ರಿಲ್ 17, ಗುರುವಾರ

ಆ ಊರಿಗೆ ಹೋಗಿ ಮನೆ ನೋಡಿ ಬಂದೆವು. ಕೆಳಮಹಡಿ, ಎರಡು ರೂಮು, ಒಂದಕ್ಕೆ ಬೆಳಗಿನ ಬಿಸಿಲು ಬೀಳುತ್ತೆ. “ಎಷ್ಟು ಜನ?” ಅಂದಳು ಮನೆಯೊಡತಿ. “ಮೂರು” ಅಂದೆ. ಇವರು ನನ್ನನ್ನೇ ನೋಡಿದರು. ಬಾಯಿ ತಪ್ಪಿ ಬಂತು.

ಬಸ್ಸಲ್ಲಿ ಬರುವಾಗ ಕೂಲಂಕಷವಾಗಿ ಯೋಚಿಸಿದೆ. ನನಗೆ ಅಷ್ಟು ಮೋಸ ಮಾಡಿದವರನ್ನು ಭಾವನ ಮನೆಯಲ್ಲಿ ಟಿವಿ ಮುಂದೆ ಆರಾಮಾಗಿ ಕೂರಲು ಬಿಡುವುದೇ? ಅಷ್ಟು ಸುಲಭವಾಗಿ ಬಿಡಲ್ಲ. ಜೊತೆಗೇ ಎಳಕೊಂಡು ಹೋಗುತ್ತೇನೆ. ಆದರೆ ಹೊರಡುವ ದಿನದವರೆಗೆ ಹೇಳಲ್ಲ. ಅವರು ಸುಳ್ಳು ಹೆಜ್ಜೆ ಕಲಿಸಿದರಲ್ಲ, ಅದಕ್ಕೆ ಇದು. ಭಾವನಿಗೆ ಫೋನ್ ಮಾಡಿ ಹೇಳಿದೆ. ಓರಗಿತ್ತಿ ಹಿಂದಿನಿಂದ “ಆಯ್ತು, ಆಯ್ತು” ಅಂದಳು. ಅತ್ತೆ ಹೇಳಿದ್ದು ನಿಜ.

ಇವರ ಬಾಯಿಗೆ ಮಾತ್ರ ಬೀಗ ಹಾಕಬೇಕು. ಈ ಸಲ ಬಾಯಿ ಬಿಟ್ಟರೆ ಹೊಸ ಊರಿಗೆ ಒಬ್ಬರೇ ಹೋಗಿ ಅಂದಿದ್ದೇನೆ.

ಏಪ್ರಿಲ್ 22, ಮಂಗಳವಾರ

ಅತ್ತೆ ಟ್ರಂಕು ತುಂಬುತ್ತಿದ್ದಾರೆ. ಹಳೇ ಹಾಜರಿ ಪುಸ್ತಕ, ಒಂದು ಕಟ್ಟು ಪೆನ್ಸಿಲು. ನನಗೊಂದು ನೋಟ್‌ಬುಕ್ ಕೊಟ್ಟರು. ನೂರು ಲೆಕ್ಕ, ಬಿಡಿಸದೆ ಬಿಟ್ಟದ್ದು. “ದಿನಕ್ಕೊಂದು ಮಾಡು, ಮರೆತು ಹೋಗ್ತೀಯ,” ಅಂದರು. ಲೆಕ್ಕವನ್ನೋ ಯಾರನ್ನೋ ಹೇಳಲಿಲ್ಲ. ಗುಟ್ಟು ನಾಲಿಗೆ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ. ಮೋಸ ಮಾಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಅವರು ಹೇಗೆ ಐದು ದಿನ ತಡೆದರೋ.

ಏಪ್ರಿಲ್ 27, ಭಾನುವಾರ

ಹೊಸ ಮನೆ. ಪೆಟ್ಟಿಗೆಗಳ ಮಧ್ಯೆ ಕೂತು ಬರೆಯುತ್ತಿದ್ದೇನೆ. ನಿನ್ನೆಯದನ್ನು ಪೂರ್ತಿ ಬರೆಯಬೇಕು.

ಲಾರಿಯಲ್ಲಿ ಡ್ರೈವರ್ ಪಕ್ಕ ಅತ್ತೆ, ಅವರ ಪಕ್ಕ ನಾನು. ಇವರು ಹಿಂದೆ, ಮಂಚ ಫ್ರಿಜ್ಜಿನ ಜೊತೆ. ಅತ್ತೆಯನ್ನು ಮೊದಲು ಭಾವನ ಮನೆಗೆ ಬಿಟ್ಟು ಮುಂದೆ ಹೋಗುವುದು ಅಂತ ಹೇಳಿದ್ದೆ. ಅವರು ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದರು. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕು. ಲಾರಿ ನೆಟ್ಟಗೆ ಹೋಯಿತು.

“ಏ ಅಪ್ಪಾ, ಬಲಕ್ಕೆ! ಬಲಕ್ಕೆ ತಿರುಗಿಸು!”

ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದೆ. “ನನಗೆ ಹೇಳಿರೋ ದಾರಿ ಇದೇ ಅಮ್ಮಾ,” ಅಂದ.

“ಇವನಿಗೆ ದಾರಿ ಗೊತ್ತಿಲ್ಲ, ನೀನಾದ್ರೂ ಹೇಳೇ!”

“ದಾರಿ ಸರಿಯಾಗೇ ಇದೆ ಅತ್ತೆ. ಅಲ್ಲಿ ನಿಮಗೂ ಒಂದು ರೂಮು ಇದೆ. ಬಿಸಿಲು ಬೀಳೋದು.”

ನನ್ನ ಮುಖವನ್ನೇ ನೋಡಿದರು. “ದೊಡ್ಡವನು ಕಾಯ್ತಿರ್ತಾನೆ.”

“ಭಾವನಿಗೆ ಮನೆ ನೋಡಿ ಬಂದ ದಿನವೇ ಹೇಳಿದೀನಿ. ಇವತ್ತಿಗೆ ಒಂಬತ್ತು ದಿನ ಆಯ್ತು.”

“ಒಂಬತ್ತು ದಿನ! ಒಂಬತ್ತು ದಿನ ನನ್ನನ್ನ ಟ್ರಂಕಿನ ಮುಂದೆ ಕೂರಿಸಿ ಅಳಿಸಿದೆಯಲ್ಲೇ ಪಾಪಿ!”

“ಐದು ದಿನದ ಮೋಸಕ್ಕೆ ಒಂಬತ್ತು ದಿನದ ಮೋಸ. ನನ್ನ ಲಾಭ ಶೇಕಡಾ ಎಷ್ಟು, ಹೇಳಿ.”

“ಎಂಬತ್ತು,” ಅಂದರು ತಕ್ಷಣ, ಮೂಗು ಒರೆಸಿಕೊಳ್ಳುತ್ತಾ. ಆಮೇಲೆ ಕೈಚೀಲವನ್ನು ಕಾಲ ಬಳಿ ಇಳಿಸಿಟ್ಟರು. “ಯಾಕೇ ಕರ್ಕೊಂಡು ಹೋಗ್ತಿದೀಯ? ನಿಜ ಹೇಳು.”

ಉತ್ತರ ತಯಾರಿತ್ತು. ಸೇಡು, ಮೆಟ್ಟಿಲು, ಎರಡನೇ ರೂಮು ಖಾಲಿ ಬಿಡಬಾರದು. ಬಾಯಿಂದ ಬಂದದ್ದೇ ಬೇರೆ. “ನೀವಿಲ್ದೆ ನನಗೆ ಆಗಲ್ಲ ಅತ್ತೆ,” ಅಂದೆ.

“ಅಷ್ಟೇ ತಾನೆ? ಮೊದಲು ಕಣ್ಣು ಒರೆಸ್ಕೋ,” ಅಂದು ಕರವಸ್ತ್ರ ಕೊಟ್ಟರು. ಕೆನ್ನೆ ಮುಟ್ಟಿ ನೋಡಿಕೊಂಡೆ. ಪೂರ್ತಿ ಒದ್ದೆಯಾಗಿತ್ತು.

ಆಮೇಲೆ ಡ್ರೈವರ್ ಕಡೆ ತಿರುಗಿದರು. “ನೋಡಪ್ಪಾ, ಒಂದು ಲಾರಿ ನಾಲ್ಕು ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ಹೋಗುತ್ತೆ...” ಅವನು ಪಾಪ ಬೆರಳು ಎಣಿಸುತ್ತಾ ಎಣಿಸುತ್ತಾ ಸೇತುವೆ ಹತ್ತಿರದ ತಿರುವನ್ನು ಬಿಟ್ಟೇಬಿಟ್ಟ. ಆರು ಗಂಟೆಯ ದಾರಿಗೆ ಏಳೂವರೆ ಗಂಟೆ ಹಿಡಿಯಿತು. ಶೇಕಡಾ ಇಪ್ಪತ್ತೈದು ಹೆಚ್ಚು ಅಂತ ಇಬ್ಬರೂ ಒಟ್ಟಿಗೇ ಹೇಳಿದೆವು.